ಹೊಟ್ಟೆಯೊಳಗಿನ ಗೇರು

ನಮ್ಮ ದೊಡ್ಡಪ್ಪನ ಸೈಕಲ್ಲಿನ ಗೇರು ಇಷ್ಟು ವರ್ಷವಾದರೂ ಸವೆದಿಲ್ಲವೆಂದು ಬೇಗೂರಿನ ನೆಂಟರೆಲ್ಲ ಹೇಳುತ್ತಾರೆ. ಪುರಾವೆ ಕೇಳಿದರೆ, ಅದನ್ನು ಯಾರೂ ಬಿಚ್ಚಿಯೇ ಇಲ್ಲವಂತೆ. ಪರೀಕ್ಷೆಗೇ ಕೂರದವನು ಒಮ್ಮೆಯೂ ಫೇಲಾಗಿಲ್ಲ ಅಂದ ಹಾಗಾಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗಿ ಕೆಟ್ಟುಹೋದವಳು ನಾನು; ಇಂಥ ಮಾತು ಕಿವಿಗೆ ಬಿದ್ದರೆ ತಟ್ಟೆಯ ಮುದ್ದೆ ಆರಿದರೂ ಬಿಡಲಾರೆ.

ಈ ಸಲ ಬಿಡದಿರಲು ಸ್ವಂತ ಕಾರಣವೂ ಇತ್ತು. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಚಾಮರಾಜನಗರದ ನಮ್ಮ ಮನೆಯಿಂದ ಅಲ್ಲಿನ ಪಾಳಿಗೆ ಹೊಂದುವ ಬಸ್ಸಿರಲಿಲ್ಲ. ದೊಡ್ಡಪ್ಪ ತಮ್ಮ ಸೈಕಲ್ಲನ್ನೇ ತಂದು ನಿಲ್ಲಿಸಿದರು. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿದ್ದ ಕಾಲಕ್ಕೆ ಕೇರಳದ ಲಾರಿ ಡ್ರೈವರೊಬ್ಬರಿಂದ ಕೊಂಡದ್ದು. ಈಗಿನ ಗೇರ್ ಸೈಕಲ್ಲುಗಳಂತೆ ಇದರದ್ದು ಹೊರಗೆ ಧೂಳು ಕುಡಿಯುತ್ತ ಕೂತಿಲ್ಲ. ಮೂರೂ ಗೇರು ಹಿಂದಿನ ಚಕ್ರದ ನಡುಗುಂಬದ, ಅಂದರೆ ಹಬ್ಬಿನ, ಹೊಟ್ಟೆಯೊಳಗೇ ಇವೆ. ನಡುವೆ ಒಂದು ಹಲ್ಲುಚಕ್ರ, ಸುತ್ತ ಮರಿಚಕ್ರಗಳು: ಸೂರ್ಯನೂ ಗ್ರಹಗಳೂ ಎಣ್ಣೆ ಹಚ್ಚಿಕೊಂಡು ಒಂದೇ ಡಬ್ಬಿಯಲ್ಲಿ ಸಂಸಾರ ಹೂಡಿದಂತೆ. ಮಳೆ, ಮಣ್ಣು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಬಾಳಿಕೆ ಬರುತ್ತದೆಂಬುದು ಒಪ್ಪುವ ಮಾತೇ. ಆದರೆ ಮರಿಚಕ್ರಗಳು ದುಡಿಯುವಾಗ ನಾವು ತುಳಿದ ಕಸುವಿನಲ್ಲಿ ಚೂರು ಕೂಲಿ ಹಿಡಿದುಕೊಳ್ಳುತ್ತವೆ, ಎಂದೆ.

"ಒಂಚೂರೂ ಇಡ್ಕಳಾಕಿಲ್ಲ ಕಣಮ್ಮಿ. ಬೆಣ್ಣೆ ಜಾರ್ದಂಗೆ ಓಯ್ತದೆ," ಎಂದರು ದೊಡ್ಡಪ್ಪ.

ಬೀದಿಯ ತುದಿವರೆಗೆ ಓಡಿಸಿ ಬಂದೆ. ಬೆಣ್ಣೆಯೇ. ವಾದ ಸೋಲುವ ಭಯದಲ್ಲಿ ಹ್ಯಾಂಡಲ್ಲಿನ ಗೇರುಕಡ್ಡಿ ನೋಡಿದೆ, ಎರಡರಲ್ಲಿತ್ತು. ಈ ಜಾತಿಯ ಗೇರಿನಲ್ಲಿ ಎರಡೆಂದರೆ ಮರಿಚಕ್ರಗಳಿಗೆ ರಜೆ. ಚೈನಿನ ಎಳೆತ ನೇರ ಚಕ್ರಕ್ಕೆ ಹೋಗುತ್ತದೆ. ಒಂದಕ್ಕೋ ಮೂರಕ್ಕೋ ಹಾಕಿದರೆ ಮಾತ್ರ ಅವಕ್ಕೆ ದುಡಿಮೆ. ಕಡ್ಡಿಯ ಮೇಲೆ ಬೆರಳಿಟ್ಟೆ. ದೊಡ್ಡಪ್ಪ ಗಾಬರಿಯಾಗಿ ಕೈ ಹಿಡಿದುಕೊಂಡರು. ಹಾಗಾದರೆ ಏರು ಬಂದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಇಳ್ಕಂಡು ತಳ್ಕಂಡೋಯ್ತಿದ್ದೆ. ಸುಮ್ಕೆ ಯಾಕೆ ಗೇರು ಸವೆಸದು, ಬುಡು."

ವಾದವೇನೋ ಗೆದ್ದೆ. ಏರಿಗೆಂದೇ ಮಾಡಿದ ಗೇರನ್ನು ಈ ಮನುಷ್ಯ ಏರಿನಿಂದಲೇ ಕಾಪಾಡಿದ್ದರು, ಮೈಬೆವರು ಸುರಿಸಿ. ದೊಡ್ಡಮ್ಮನ ಷೋಕೇಸಿನ ಪಿಂಗಾಣಿ ಕಪ್ಪುಗಳೂ ಹಾಗೇ, ಕಾಫಿ ಕಾಣದೆ ಹೊಸದಾಗಿಯೇ ಉಳಿದಿವೆ. ನಗಬಹುದಿತ್ತು. ಆದರೆ ಬದನಗುಪ್ಪೆಯ ದಾರಿಯಲ್ಲೂ ಏರಿದೆ. ತಳ್ಳುತ್ತ ಹೋದರೆ ನನ್ನ ಪಾಳಿ ತಪ್ಪುತ್ತದೆ. ಗೇರು ಹಾಕಿದರೆ ಅವರ ಹೆಮ್ಮೆ ಅಂದಿನಿಂದಲೇ ಸವೆಯತೊಡಗುತ್ತದೆ. ಎರಡೂ ಕಡೆಯಿಂದ ವಾದಿಸಬಲ್ಲೆ. ಸೈಕಲ್ಲು ಮಾತ್ರ ನನ್ನದಲ್ಲ.

ದೊಡ್ಡಪ್ಪ ಟವೆಲಿನ ತುದಿಯಿಂದ ಹಬ್ಬು ಒರೆಸತೊಡಗಿದರು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಆದಷ್ಟು ಮೆತ್ತಗೆ ಕೇಳಿದೆ:

"ದೊಡ್ಡಪ್ಪ, ನಾಳೆ ಏರಲ್ಲಿ ಒಂದನೇ ಗೇರು ಹಾಕ್ಬುಡ್ಲಾ?"