ಏಸಿ ನೀರಿನ ಪಂಚಾತಿಕೆ

ರಜೆಯ ದಿನ ಶುಕ್ರವಾರವಾದರೂ ಒಂದು ಕಣ್ಣು ನಿದ್ದೆ ಮಾಡೋಣವೆಂದು ಡೋಲ್ಫಿ ಮಲಗಿದ್ದ. ಬೆಲ್ ಹೊಡೆಯಿತು. ಗಲ್ಫಿಗೆ ಬಂದು ವಾರವಿಡೀ ಶುವೈಖ್‌ನ ಗೋದಾಮಿನಲ್ಲಿ ಬೆವರು ಸುರಿಸುವ ಅವನಿಗೆ, ಅಬು ಹಲೀಫಾದ ಈ ಕಟ್ಟಡದಲ್ಲಿ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು: ಊರವರ ಜಗಳ ಬಿಡಿಸುವುದು. ಎಲ್ಲರಿಗಿಂತ ಹಿರಿಯನಾಗಿದ್ದೇ ಅವನ ಅಪರಾಧ. ಇಕಾಮಾ ಎಂಬ ವಾಸದ ಪರವಾನಗಿ ನಂಬಿ ಬದುಕುವವರು ಸಣ್ಣಪುಟ್ಟದಕ್ಕೆಲ್ಲ ಪೊಲೀಸರ ಬಾಗಿಲು ತಟ್ಟುತ್ತಾರೆಯೇ?

"ಪೊರ್ಬುಗಳೇ, ಇವನ ಏಸಿ ನೀರು ನಾನು ಒಣಗ್ಲಿಕ್ಕೆ ಹಾಕಿದ ಬಟ್ಟೆ ಮೇಲೆಯೇ ಬೀಳ್ತದೆ," ಎಂದು, ಬಾಗಿಲು ತೆರೆದ ಡೋಲ್ಫಿಯನ್ನು ಊರಿನ ಮರ್ಯಾದೆಯಲ್ಲೇ ಕರೆದು ದೂರಿದಳು ಕೆಳಮನೆಯ ಪುಷ್ಪಾವತಿ.

"ನೀರು ಕೆಳಗೆ ಬೀಳದೆ ಮೇಲೆ ಹೋಗ್ತದಾ ಅಕ್ಕ?" ಎಂದ ಅವಳ ಪಕ್ಕದಲ್ಲೇ ನಿಂತಿದ್ದ ಮೇಲ್ಮನೆಯ ತಿಲಕ್.

"ಬೀಳುವಲ್ಲಿ ಒಂದು ಬಕೆಟ್ ಇಡಿ ಮಾರಾಯ್ರೆ. ಖಲಾಸ್," ಎಂದು ಡೋಲ್ಫಿ ಬಾಗಿಲು ಹಾಕಿಕೊಂಡ. ಹೋದ ನಿದ್ದೆ ಮತ್ತೆ ಬರಲಿಲ್ಲ.

ಸಂಜೆ ಚಹಾದ ಹೊತ್ತಿಗೆ, ಕಾಲೇಜಿನಲ್ಲಿ ಇತಿಹಾಸ ಓದುವ ಮಗಳು ಜೋಯ್ಸ್ ನಕ್ಕಳು. "ಡ್ಯಾಡಿ, ಸೇಮ್ ಕೇಸ್! ಹಳೇ ಅಥೆನ್ಸ್‌ನಲ್ಲೂ ನೆರೆಮನೆಯ ನೀರಿಗೆ ಜನ ಕೋರ್ಟಿಗೆ ಹೋಗ್ತಿದ್ರು. ಫಸ್ಟ್ ರಾಜಿ ಮಾಡಿಸ್ಲಿಕ್ಕೆ ಅರವತ್ತರ ಗಂಡಸರನ್ನೇ ಕೂರಿಸ್ತಿದ್ರು. ಅವ್ರು ಆಗುದಿಲ್ಲ ಅಂತ ಹೇಳುವ ಹಾಗಿರ್ಲಿಲ್ಲ."

"ಸಾಯುವವರೆಗೂ?"

"ನೋ, ನೋ. ಒನ್ ಇಯರ್ ಓನ್ಲಿ."

ಡೋಲ್ಫಿ ಲೋಟ ಕೆಳಗಿಟ್ಟ. ಈ ಈಸ್ಟರಿಗೆ ಅವನಿಗೂ ಅರವತ್ತು ತುಂಬಿತ್ತು. ಅವನ ಪಂಚಾತಿಕೆಗೆ ಮಾತ್ರ ಆಗಲೇ ಇಪ್ಪತ್ತು ವರ್ಷ.

"ಪುಣ್ಯವಂತರು," ಎಂದ.

ಬೆಲ್ ಹೊಡೆಯಿತು. ಬಾಗಿಲ ಹೊರಗಿಂದಲೇ ಪುಷ್ಪಾವತಿಯ ದನಿ: "ಪೊರ್ಬುಗಳೇ, ಬಕೆಟ್ ತುಂಬಿತು. ಚೆಲ್ಲುವುದು ಯಾರು?"