ಸಾವ್ಕಾರ್ರ ಕಾರು, ಅಮ್ಮಾರ ವಿಭೂತಿ

ಮೊನ್ನೆ ಸಿಂಧನೂರಿನ ಬಂಕಿನಲ್ಲಿ ನನ್ನ ಸ್ಕೂಟರಿಗೆ ಪೆಟ್ರೋಲ್ ಹಾಕುವವನು ಫೋನಿನಲ್ಲಿ ಮಾತಾಡುತ್ತ ನಾಲ್ಕು ಹನಿ ಸೀರೆಯ ಮೇಲೆ ಚೆಲ್ಲಿದ. ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಪಾಪ, ಅವನು ಬೈಗುಳಕ್ಕೆ ತಯಾರಾಗಿದ್ದ, ನಗುವಿಗೆ ಹೆದರಿದ. ಪೆಟ್ರೋಲಿನ ವಾಸನೆಗೆ ಬೇರೆಯವರು ಮೂಗು ಮುಚ್ಚುತ್ತಾರೆ. ನನಗೆ ಮಾತ್ರ ಅದರೊಳಗಿಂದ ಮಸ್ಕಿಯ ಅರಿವೆ ಅಂಗಡಿ ಸಾವ್ಕಾರ್ರು ಎದ್ದು ಬರುತ್ತಾರೆ, ಧೋತರ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಬಿದಿರ ಕಡ್ಡಿ ಹಿಡಿದುಕೊಂಡು...

ಮಸ್ಕಿಯ ಶಾಲೆಗೆ ಟೀಚರಾಗಿ ಹೋದಾಗ ಅವರ ಮನೆಯ ಮುಂದಿನ ಕೋಣೆಗಳಲ್ಲಿ ಬಾಡಿಗೆಗಿದ್ದೆ. ಊರಿಗೆಲ್ಲ ಅವರು ಸಾವ್ಕಾರ್ರು, ಅವರ ಹೆಂಡತಿ ಅಮ್ಮಾರು; ನನಗೂ ಹಾಗೇ. ಸೀರೆ ಹರವುವ ಮೊದಲೇ ಮಾತು ಹರವುವ ಮನುಷ್ಯ. ಅವರಿಗೊಂದು ಹಳೆಯ ಕಾರಿತ್ತು, ಗುಂಡು ಬೆನ್ನಿನದು, ಕೆನೆ ಬಣ್ಣದ್ದು. ಮದುವೆಯಾಗಿ ಅಮ್ಮಾರನ್ನು ತುರ್ವಿಹಾಳದಿಂದ ಕರೆತಂದದ್ದು ಅದರಲ್ಲೇ.

“ಇದರಾಗ ಕುಂತು ಬಂದಾಕಿ ನೋಡ್ರಿ ಟೀಚರ್ರ, ಇವತ್ತಿಗೂ ನನ್ನ ಮ್ಯಾಲ ಸಿಟ್ಟು ಬಂದ್ರ ಇದರಾಗ ಹೋಗಿ ಕುಂದರತಾಳ” ಎನ್ನುತ್ತಿದ್ದರು ಸಾವ್ಕಾರ್ರು. ಸುಳ್ಳಲ್ಲ. ಅಂಗಳದಲ್ಲಿ ನಿಂತ ಕಾರಿನೊಳಗೆ ಮುಖ ಊದಿಸಿಕೊಂಡು ಕೂತ ಅಮ್ಮಾರಿಗೆ ಇವರು ಕಿಟಕಿಯಿಂದ ಚಹಾ ಕೊಡುವುದನ್ನು ನಾನೇ ಕಂಡಿದ್ದೇನೆ.

ಒಂದು ಬೇಸಿಗೆಯಲ್ಲಿ ಕಾರಿಗೊಂದು ಚಟ ಹತ್ತಿತು. ಮನೆಯಿಂದ ಚೆನ್ನಾಗಿಯೇ ಹೊರಡುವುದು, ಊರು ದಾಟಿ ಒಂದಿಷ್ಟು ದೂರ ಹೋದಮೇಲೆ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುವುದು. ಪೆಟ್ರೋಲ್ ತೋರಿಸುವ ಮುಳ್ಳು ಯಾವತ್ತೋ ಸತ್ತಿತ್ತು. ಹಾಗಾಗಿ ಸಾವ್ಕಾರ್ರು ಬಾಯ್ತುಂಬ ಮಾತಾಡುತ್ತಲೇ ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಬಿದಿರ ಕಡ್ಡಿ ಅದ್ದಿ ನೋಡುವರು. “ಬೇಕಾದಷ್ಟೈತಿ” ಎಂದು ಮುಚ್ಚಿ ಕೀಲಿ ತಿರುವಿದರೆ ಕಾರು ಏನೂ ಆಗಿಲ್ಲವೆಂಬಂತೆ ಚಾಲೂ! ವಯಸ್ಸಾಗಿದೆ, ನಡುವೆ ದಣಿವಾರಿಸಿಕೊಳ್ಳುತ್ತದೆ ಎಂದು ಅವರು ಅದರ ಪರವಾಗಿ ವಾದಿಸುತ್ತಿದ್ದರು.

ಸಿಂಧನೂರಿನ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ತೊಳೆದ, ಹೊಸ ಪಂಪು ಕೂಡಿಸಿದ, ಪೈಪಿಗೆ ಬಾಯಿಟ್ಟು ಊದಿದ. ಗ್ಯಾರೇಜಿನಲ್ಲಿ ಎಲ್ಲ ಬರೋಬ್ಬರಿ, ರಸ್ತೆಗೆ ಬಂದರೆ ಅದೇ ರಾಗ. ಕೊನೆಗೆ ಅವನೂ ಹೈರಾಣಾಗಿ, “ಇದಕ್ಕ ರೋಗ ಇಲ್ರೀ ಸಾವ್ಕಾರ್ರ, ಜಿದ್ದು ಐತಿ” ಎಂದು ಕೈಮುಗಿದ.

ಅಮ್ಮಾರಿಗೆ ಗೊತ್ತಿದ್ದ ಔಷಧಿ ಒಂದೇ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಯದ ಮನೆಯಿಲ್ಲ. ಅಮ್ಮಾರು ಕಾಯಿಗೇ ನಿಲ್ಲುವವರಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ ಬಾನೆಟ್ಟಿಗೆ, ಸ್ಟೇರಿಂಗಿಗೆ, ಆಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಮೂರು ಬೆರಳು ಎಳೆಯುವರು. ಗಾಡಿ ಉಣ್ಣುವ ಬಾಯಿಗೆ ದೃಷ್ಟಿ ತಾಗಬಾರದಲ್ಲ! ಕಾರು ನಿಂತಷ್ಟೂ ಅವರ ಭಕ್ತಿ ಹೆಚ್ಚಿತು, ಹಳೆಯದರ ಮೇಲೆ ಹೊಸದು ಬಿದ್ದು ವಿಭೂತಿ ಗೋಡೆಯ ಗಿಲಾಯದಂತೆ ದಪ್ಪಗಾಯಿತು. ಹಚ್ಚಿದ ವಿಭೂತಿಯನ್ನು ಕೆರೆದು ತೆಗೆಯುವ ಗಂಡೆದೆ ಯಾರಿಗಿದೆ? ಮೇಸ್ತ್ರಿ ಸಹ ಆ ಮುಚ್ಚಳವನ್ನು ಕಣ್ಣಿಗೊತ್ತಿಕೊಂಡೇ ಪಕ್ಕಕ್ಕಿಡುತ್ತಿದ್ದ.

ಸಿಂಧನೂರಿನಲ್ಲಿ ರೈಸ್ ಮಿಲ್ ನೋಡಿಕೊಳ್ಳುತ್ತಿದ್ದ ಸಾವ್ಕಾರ್ರ ಮಗನಿಗೆ ಈ ಕಾರು ಸಾಕಾಗಿಹೋಗಿತ್ತು. ಲಿಂಗಸುಗೂರಿನಲ್ಲಿ ನೆಂಟರ ಮದುವೆ. “ಅಪ್ಪಾ, ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳೋದ್ರೊಳಗ ಈ ಗಾಡಿ ಅಲ್ಲಿ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಮರುದಿನ ಗುಜರಿಗೆ ಹಾಕೋದ” ಎಂದ. ಸಾವ್ಕಾರ್ರು ಜಂಬದಲ್ಲಿ “ಆತು ಬಿಡು” ಎಂದುಬಿಟ್ಟರು. ಅಂದು ರಾತ್ರಿ ತಾಟಿನ ಮುಂದೆ ಕೂತವರು ಒಂದು ತುತ್ತೂ ಮುಟ್ಟದೆ ಎದ್ದರೆಂದು ಅಮ್ಮಾರು ನನಗೆ ಹೇಳಿ ಕಣ್ಣೊರೆಸಿಕೊಂಡರು.

ಮದುವೆಯ ದಿನ ನನ್ನನ್ನೂ ಹತ್ತಿಸಿಕೊಂಡರು. ಮಸ್ಕಿಯಲ್ಲೇ ಟ್ಯಾಂಕಿನ ಕಂಠಮಟ ಪೆಟ್ರೋಲ್ ತುಂಬಿಸಿದ್ದಾಯಿತು. ನೋಡಿ, ಅವತ್ತೇ ಅದು ಎಂದಿಗಿಂತ ಬೇಗ ನಿಂತಿತು! ಅಮ್ಮಾರು ಇಳಿದು ಬೇವಿನ ಗಿಡದ ನೆರಳಿಗೆ ಹೋಗಿ ಕಣ್ಣುಮುಚ್ಚಿ ‘ಶಿವ ಶಿವ’ ಎನ್ನುತ್ತ ಕೂತರು. ಈಗಷ್ಟೇ ತುಂಬಿಸಿದ್ದರಿಂದ ಸಾವ್ಕಾರ್ರು ಕಡ್ಡಿಯ ಗೊಡವೆಗೆ ಹೋಗಲಿಲ್ಲ. ಬಾನೆಟ್ ಎತ್ತಿದರು, ಪಂಪಿಗೆ ಹಸಿ ಬಟ್ಟೆ ಸುತ್ತಿದರು, ಮತ್ತೆ ಮತ್ತೆ ಕೀಲಿ ತಿರುವಿದರು. ಊಹೂಂ. ಅಷ್ಟು ಮಾತಿನ ಮನುಷ್ಯ ಸುಮ್ಮನಾದದ್ದನ್ನು ನೋಡಿ ನನಗೆ ಸಂಕಟವಾಯಿತು.

ಕೊನೆಗೆ, “ಟೀಚರ್ರ, ಮುಚ್ಚಳ ತೆಗದು ಕಡ್ಡಿ ಅದ್ದಿ ನೋಡ್ರಿ, ಎಲ್ಲಿಯರ ಸೋರೇತೇನು” ಎಂದರು. ನಾನು ಮುಚ್ಚಳ ತಿರುವಿದೆ. ‘ಸುಂಯ್’ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಅವರು ಕೀಲಿ ತಿರುವಿದರು, ಕಾರು ಚಾಲೂ.

ಅಮ್ಮಾರನ್ನು ಕೂರಿಸಿಕೊಂಡು ಸ್ವಲ್ಪ ದೂರ ಹೋದೆವು. ಮತ್ತೆ ನಿಂತಿತು. ನಾನು ಆ ಸಪ್ಪಳದ ಸುದ್ದಿ ಸಾವ್ಕಾರ್ರ ಕಿವಿಯಲ್ಲಿ ಉಸುರಿದೆ. ಈ ಸಲ ಅವರೇ ಹಿಂದೆ ಹೋಗಿ, ಬಾಯಿ ಮುಚ್ಚಿಕೊಂಡು, ಕಿವಿಯಿಟ್ಟು ಮುಚ್ಚಳ ತಿರುವಿದರು. ಸುಂಯ್... ಅವರ ಕಣ್ಣು ಅರಳಿದವು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಇಳಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ಬೇಕು. ಅಂಥದೇ ಒಂದು ಸಣ್ಣ ತೂತು ಆ ಮುಚ್ಚಳದ ನೆತ್ತಿಯಲ್ಲೂ ಇತ್ತು, ಅಮ್ಮಾರ ವಿಭೂತಿಯ ಕೆಳಗೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತಿರಲಿಲ್ಲ; ಕಂಠಮಟ ತುಂಬಿದ ಟ್ಯಾಂಕಿನಲ್ಲಂತೂ ಗಾಳಿಗೆ ಜಾಗವೇ ಇಲ್ಲ, ಅದಕ್ಕೇ ಅವತ್ತು ಬೇಗ ನಿಂತದ್ದು. ಕಡ್ಡಿ ಅದ್ದಲು ಮುಚ್ಚಳ ತೆಗೆದಾಗಲೆಲ್ಲ ಇವರಿಗೆ ಗೊತ್ತಿಲ್ಲದೆಯೇ ರೋಗ ವಾಸಿಯಾಗುತ್ತಿತ್ತು!

ನಾನು ಉಗುರಿನಿಂದ ಕೆರೆಯಹೋದೆ. ಸಾವ್ಕಾರ್ರು ಗಪ್ಪನೆ ನನ್ನ ಕೈ ತಡೆದರು. ಕಾರಿನೊಳಗಿದ್ದ ಅಮ್ಮಾರ ಕಡೆ ಕಣ್ಣು ತೋರಿಸಿ, “ಬ್ಯಾಡ್ರಿ, ಆಕಿಗಿದು ಗೊತ್ತಾಗಬಾರದು. ಗಾಡಿ ನಿಲ್ಲಬಾರದಂತ ಹಚ್ಚ್ಯಾಳ. ತನ್ನ ಕೈಯಿಂದನ ನಿಂತೈತಿ ಅಂತ ತಿಳದ್ರ ಕುಗ್ಗಿ ಹೋಗತಾಳ” ಎಂದರು. ನನ್ನ ಸೆರಗಿನ ಪಿನ್ನು ಇಸಿದುಕೊಂಡು ತೂತಿದ್ದಲ್ಲಿ ಮಾತ್ರ ಚುಚ್ಚಿದರು. ಮೂರೂ ಗೆರೆ ಇದ್ದಂತೆಯೇ ಉಳಿದವು.

ಆಮೇಲೆ ಕಾರು ನಿಲ್ಲಲಿಲ್ಲ ನೋಡಿ! ಲಿಂಗಸುಗೂರಿಗೆ ಮುಟ್ಟಿದಾಗ ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು ಹಾಗೇ ಇತ್ತು. ಸಾವ್ಕಾರ್ರು ಮಗನ ಕೈಯದನ್ನೇ ಕಸಿದುಕೊಂಡು ಅರ್ಧ ಮದುಮಕ್ಕಳ ಮೇಲೆ ಹಾಕಿದರು, ಉಳಿದರ್ಧ ಹೊರಗೆ ಬಂದು ಕಾರಿನ ಮೇಲೆ ಹಾಕಿದರು. “ನನ್ನ ವಿಭೂತಿ ಕಾಯ್ತು” ಎಂದು ಅಮ್ಮಾರು ಹಿಗ್ಗಿದರು. ನಾವಿಬ್ಬರೂ ಹೌದೆಂದೆವು.

ಅಲ್ಲಿಂದ ಪ್ರತಿ ಅಮಾವಾಸ್ಯೆಯೂ ಅಮ್ಮಾರ ಪೂಜೆ ಮುಗಿದ ಮೇಲೆ ಸಾವ್ಕಾರ್ರು ನನ್ನ ಬಾಗಿಲಲ್ಲಿ ನಿಂತು ಸುಳ್ಳು ಕೆಮ್ಮು ಕೆಮ್ಮುವರು. ನಾನು ಪಿನ್ನು ಕೊಡುವೆ. ಸಿಂಧನೂರಿಗೆ ವರ್ಗವಾದಾಗ ಒಂದು ಗೊಂಚಲು ಪಿನ್ನು ಅವರಿಗೆ ಕೊಟ್ಟೇ ಬಂದೆ. ಹೋದ ದೀಪಾವಳಿಯ ಹೊತ್ತಿಗೆ ಸಾವ್ಕಾರ್ರು ತೀರಿಕೊಂಡರು. ಹೋಗಿ ನೋಡಿ ಅತ್ತುಬಂದೆ... ಆದರೂ ಮನಸ್ಸು ಒಪ್ಪಿರಲಿಲ್ಲ.

ಮೊನ್ನೆ ಬಂಕಿನಿಂದ ಸೀದಾ ಮಸ್ಕಿಗೇ ಹೋದೆ. ಅಂಗಳದಲ್ಲಿ ಕಾರು ನಿಂತಿತ್ತು. ಗುಜರಿಗೆ ಹಾಕುತ್ತೇನೆಂದಿದ್ದ ಮಗನೇ ಅದನ್ನು ಒರೆಸುತ್ತಿದ್ದ. ಅಮಾವಾಸ್ಯೆಯಾದ್ದರಿಂದ ಪೂಜೆ ಆಗಿತ್ತು. ಅಭ್ಯಾಸಬಲದಿಂದ ಹಿಂದೆ ಹೋಗಿ ಮುಚ್ಚಳ ನೋಡಿದೆ. ಮೂರು ಗೆರೆ ಇದ್ದವು. ನಡುವೆ ತೂತಿನ ಜಾಗವನ್ನಷ್ಟೇ ಬಿಟ್ಟು ಹಚ್ಚಿತ್ತು.

ತಿರುಗಿದರೆ ಅಮ್ಮಾರು ನಗುತ್ತ ನಿಂತಿದ್ದರು. “ಆವತ್ತು ರೋಡಿನಾಗ ನಿಮ್ಮಿಬ್ಬರ ಮಾರಿ ನೋಡಿದಾಗನ ತಿಳೀತವಾ ನನಗ.”

“ಮತ್ತ ಇಷ್ಟು ವರ್ಷ ತೂತು ಮುಚ್ಚಿ ಹಚ್ಚಿದ್ದ್ಯಾಕ್ರೀ ಅಮ್ಮಾರ?”

“ಅವರು ಪಿನ್ನು ಹಿಡಕೊಂಡು ಕಳ್ಳ ಬೆಕ್ಕಿನಂಗ ಬರೋದು ನೋಡಾಕ ಛಂದ ಇರತಿತ್ತು.” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರು ಸೆರಗಿನಿಂದ ಮುಚ್ಚಳದ ಅಂಚು ಒರೆಸುತ್ತ ಮೆಲ್ಲಗೆ, “ಈಗ ಚುಚ್ಚಾವ್ರು ಯಾರದಾರ... ಅದಕ್ಕ ನಾನ ಬಿಟ್ಟು ಹಚ್ಚೀನಿ” ಎಂದರು.

ಸಾವ್ಕಾರ್ರು ಇಲ್ಲವೆಂಬುದು ನನಗೆ ಖರೇ ತಿಳಿದದ್ದು ಆಗಲೇ.