ನಡುಗಿದ್ದು ಅಕ್ಕನ ಕೈಯಲ್ಲ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಹಟ ಅಕ್ಕನದು, ಎರಡನೆಯದು ನನ್ನದು. ಅಪ್ಪನಿಗೆ ಹಟ ಎಂಬುದೇ ಇರಲಿಲ್ಲ. ಶಾಲೆಯಲ್ಲಿ ಸಿಪಾಯಿಯಾಗಿದ್ದ ಅಪ್ಪ ಗಂಟೆ ಬಾರಿಸುವಾಗ ಮಾತ್ರ ಜೋರು. ತನ್ನ ಅಣ್ಣನ ಎದುರು, ಅಂದರೆ ನಮ್ಮ ದೊಡ್ಡಪ್ಪನ ಎದುರು, ಬಾಯಿಯನ್ನೇ ತೆರೆಯುತ್ತಿರಲಿಲ್ಲ. ನಾವು ಮಹಾರಾಷ್ಟ್ರದ ಗಡಿಗೆ ಹತ್ತಿರದ ಏಕಸಂಬಿಯಲ್ಲಿದ್ದೆವು. ಆಗಿನ ನಮ್ಮ ಮೊಬೈಲಿನಲ್ಲಿ ಮಾತಾಡಬಹುದಿತ್ತು, ಅಷ್ಟೇ. ಮದುವೆಯ ವಿಡಿಯೋ ಬೇಕೆಂದರೆ ದೊಡ್ಡ ಕ್ಯಾಮೆರಾ ಇದ್ದವರನ್ನು ಕರೆಸಬೇಕಿತ್ತು. ಅಕ್ಕ ಎರಡು ವರ್ಷ ಊರವರ ಬಟ್ಟೆ ಹೊಲಿದು ಅಂಥದೊಂದು ಹಳೆಯ ಕ್ಯಾಮೆರಾ ಕೊಂಡಿದ್ದಳು.

ಅದರಲ್ಲಿ ಅವಳು ಮೊದಲು ತೆಗೆದದ್ದು ದೊಡ್ಡಪ್ಪನ ಮಗನ ಮದುವೆ. ಯಾರಿಂದಲೋ ಎರವಲು ತಂದ ತೆಳ್ಳನೆಯ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿದ್ದಳು. ಸ್ಟ್ಯಾಂಡ್ ನಿಂತಿದ್ದ ಹಲಗೆಯ ವೇದಿಕೆಯ ಮೇಲೆ ಮಕ್ಕಳು ಧಡಧಡ ಓಡಾಡಿದರು, ಬ್ಯಾಂಡಿನವರು ಪಕ್ಕದಲ್ಲೇ ನಿಂತು ಬಾರಿಸಿದರು. ಆಮೇಲೆ ಸಿಡಿ ಹಾಕಿ ನೋಡಿದರೆ ಮದುಮಗನ ಮುಖ, ಅಕ್ಷತೆ, ಆರತಿ ಎಲ್ಲವೂ ಗಡಗಡ ನಡುಗುತ್ತಿದ್ದವು. ದೊಡ್ಡಪ್ಪ ಅದನ್ನು ಮುಚ್ಚಿಡಲಿಲ್ಲ, ಮನೆಗೆ ಬಂದವರಿಗೆಲ್ಲ ತೋರಿಸಿದ.

"ನೋಡ್ರಿ, ಹುಡುಗಿ ಕೈ ಹೆಂಗ ನಡುಗ್ಯಾವ. ಇದು ಹೆಣ್ಮಕ್ಕಳ ಕೆಲಸ ಅಲ್ಲ."

ಅಕ್ಕ ಅಳಲಿಲ್ಲ. "ನನ್ನ ಕೈ ಅದರ ಮ್ಯಾಲ ಇರಲೇ ಇಲ್ಲ. ನಡುಗಿದ್ದು ಸ್ಟ್ಯಾಂಡಿನ ಕಾಲು" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಲಖನೂರಿನವರೊಬ್ಬರು ತಮ್ಮ ಮಗಳ ಮದುವೆಯ ವಿಡಿಯೋಕ್ಕೆ ಅಕ್ಕನನ್ನು ಕೇಳಿದ್ದರು. ಅವರು ದೊಡ್ಡಪ್ಪನ ಕಡೆಯ ನೆಂಟರು. ದೊಡ್ಡಪ್ಪ ಚಿಕ್ಕೋಡಿಯಿಂದ ಒಬ್ಬನನ್ನು ಕರೆಸುವುದಾಗಿ ಅವರಿಗೆ ಹೇಳುತ್ತಿದ್ದ. ಒಂದು ದಿನ ಸಂಜೆ ಅವರು ದೊಡ್ಡಪ್ಪನ ಮನೆಗೆ ಬಂದು ಯಾರಿಗೆ ಕೆಲಸ ಎಂದು ತೀರ್ಮಾನಿಸುವವರಿದ್ದರು. ಅವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪ ಅಕ್ಕನ ಮುಖ ನೋಡದೆ ಹೇಳಿದ:

"ಈ ಕೆಲಸ ತಪ್ಪಿದ್ರ ಕ್ಯಾಮೆರಾ ಮಾರಿಬಿಡೂನವ್ವಾ. ಅಣ್ಣನ ಕೂಡ ಜಗಳ ಬ್ಯಾಡ."

ಅಕ್ಕ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿದಳು, ಅಡುಗೆಮನೆಯಿಂದ ಒಂದು ಸ್ಟೀಲಿನ ಬಟ್ಟಲು ತಂದು ಚೀಲಕ್ಕೆ ಹಾಕಿದಳು, ನಿಪ್ಪಾಣಿಯ ಬಸ್ಸಿಗೆ ಹೊರಟಳು. ನಾನು ಅವಳ ಹಿಂದೆ ಓಡಿದೆ. ನಮ್ಮ ಹಿಂದೆ ಅಪ್ಪ ಚಪ್ಪಲಿ ಮೆಟ್ಟುತ್ತ ಬಂದ.

ನಿಪ್ಪಾಣಿಯಲ್ಲಿ ಬಸ್ಸಿಳಿದ ಕೂಡಲೇ ತಂಬಾಕಿನ ಘಾಟು ಮೂಗಿಗೆ ಹೊಡೆದು ನಾನು ಏಳೆಂಟು ಸಲ ಸೀನಿದೆ. ಕ್ಯಾಮೆರಾ ಸಾಮಾನಿನ ಅಂಗಡಿ ಪೇಟೆಯ ಒಳಗಿತ್ತು. ಅಂಗಡಿಯವನು ಅಕ್ಕನನ್ನು ನೋಡಿದವನೇ ಒಂದು ಬಣ್ಣದ ಡಬ್ಬಿ ತೆಗೆದ.

"ಹೇ ಘ್ಯಾ, ಇದನ್ನ ತಗೋರಿ ಅಕ್ಕಾರ. ಹೂವಿನಂಗ ಹಗರ ಐತಿ. ಲೇಡೀಸಿಗೆ ಅಂತನ ಬಂದೈತಿ."

ಅದು ಬೆಳ್ಳಗೆ ಹೊಳೆಯುತ್ತಿತ್ತು. ಕಾಲುಗಳು ಎಳೆದಷ್ಟೂ ಉದ್ದವಾಗಿ, ತುದಿಗೆ ಬಂದಾಗ ನನ್ನ ಕಿರುಬೆರಳಿನಷ್ಟು ಸಣ್ಣಗಾಗುತ್ತಿದ್ದವು. ಅಕ್ಕ ಅದನ್ನು ನೆಲದ ಮೇಲೆ ನಿಲ್ಲಿಸಿ, ಮೇಲೆ ಬಟ್ಟಲಿಟ್ಟು ಅಂಚಿನವರೆಗೆ ನೀರು ತುಂಬಿದಳು. ನಮ್ಮ ಮನೆಯ ಪಕ್ಕ ಹಿಟ್ಟಿನ ಗಿರಣಿ ಇತ್ತು. ಅದು ಶುರುವಾದಾಗಲೆಲ್ಲ ನಮ್ಮ ಪಾತ್ರೆಗಳಲ್ಲಿನ ನೀರು ಸಣ್ಣಗೆ ನಡುಗುವುದನ್ನು ಅವಳು ದಿನಾ ನೋಡುತ್ತಿದ್ದಳು. ಈ ಪರೀಕ್ಷೆ ಅವಳಿಗೆ ಹೊಳೆದದ್ದು ಅಲ್ಲಿಂದಲೇ.

"ಜಿಗಿ" ಎಂದಳು ನನಗೆ. ನಾನು ಪಕ್ಕದಲ್ಲಿ ಒಂದೇ ಒಂದು ಸಲ ಜಿಗಿದೆ. ನೀರು ತುಳುಕಿ ಅಂಗಡಿಯವನ ರಸೀದಿ ಪುಸ್ತಕ ತೊಯ್ದುಹೋಯಿತು. ಅವನು ಸಿಟ್ಟಾದ. ಅಕ್ಕ ಕ್ಷಮೆ ಕೇಳಲಿಲ್ಲ, ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದ ಕಪ್ಪು ಸ್ಟ್ಯಾಂಡೊಂದನ್ನು ತೋರಿಸಿದಳು.

"ಅದನ್ನ ಗಂಡಸರು ಹೊರತಾರ್ರಿ. ಭಾಳ ವಜ್ಜಾ ಐತಿ."

"ದಿನಾ ಎರಡು ಕೊಡ ನೀರ ಹೊರತೀನ್ರಿ. ಅವನ್ನ ಯಾವ ಗಂಡಸ ಬಂದು ಹೊತ್ತು ಕೊಡ್ತಾನ?"

ಅಂಗಡಿಗೆ ಬಂದಿದ್ದ ಇಬ್ಬರು ನಕ್ಕರು. ಅಕ್ಕ ತಾನೇ ಅದನ್ನು ಎತ್ತಿ ತಂದಳು. ಅದರ ಕಾಲುಗಳು ಕಬ್ಬಿನ ಗಳದಷ್ಟು ದಪ್ಪ, ತಿರುಪುಗಳು ಕಬ್ಬಿಣದವು. ಮತ್ತೆ ಬಟ್ಟಲು, ಮತ್ತೆ ನೀರು. ನಾನು ಮೈಯಲ್ಲಿದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದು ಜಿಗಿದೆ. ನೀರು ಒಮ್ಮೆ ಸುಕ್ಕುಗಟ್ಟಿ ತಟ್ಟನೆ ಸುಮ್ಮನಾಯಿತು. ಒಂದು ಹನಿಯೂ ಚೆಲ್ಲಲಿಲ್ಲ.

ಆದರೆ ಮಕ್ಕಳೇ, ಕಾಲು ಗಟ್ಟಿ ಇದ್ದರಷ್ಟೇ ಸಾಲದು. ಸ್ಟ್ಯಾಂಡಿನ ತುದಿಯಲ್ಲಿ ಕ್ಯಾಮೆರಾ ಹಿಡಿದುಕೊಳ್ಳುವ ಭಾಗವೊಂದಿರುತ್ತದೆ, ಅದಕ್ಕೆ ಹೆಡ್ ಎನ್ನುತ್ತಿದ್ದರು. ಇದರ ಹೆಡ್‌ನಲ್ಲಿ ಒಂದು ಗುಂಡು ಇತ್ತು. ಅದು ಯಾವ ಕಡೆಗಾದರೂ ತಿರುಗುತ್ತಿತ್ತು. ಅಕ್ಕ ನಮ್ಮ ಭಾರದ ಕ್ಯಾಮೆರಾ ಕೂರಿಸಿ ತಿರುಪು ಬಿಗಿದಳು. ನಾವೆಲ್ಲ ನೋಡುತ್ತಿದ್ದಂತೆ ಕ್ಯಾಮೆರಾ ತೂಕಡಿಸುವವರ ಹಾಗೆ ಮೆಲ್ಲಗೆ ಮೂತಿ ಕೆಳಗೆ ಮಾಡಿತು.

"ಫೋಟೋದವ್ರು ಇದನ್ನ ಒಯ್ತಾರ್ರಿ" ಎಂದ ಅಂಗಡಿಯವನು.

"ನಂದು ವಿಡಿಯೋ. ಮಂದಿ ನಡದಂಗ ಕ್ಯಾಮೆರಾನೂ ತಿರಗಬೇಕು, ತಿರುಗಿಸಿ ಬಿಟ್ಟಲ್ಲೇ ನಿಂದರಬೇಕು. ಅಕಾ ಅಲ್ಲೈತಲ್ಲ, ಅಂಥಾದ್ದು ಬೇಕು."

ಅವಳು ತೋರಿಸಿದ್ದು ಒಳಗಿನ ಸ್ಟುಡಿಯೋದಲ್ಲಿ ಅವನದೇ ಸ್ಟ್ಯಾಂಡಿನ ಮೇಲಿದ್ದ ಹೆಡ್ಡನ್ನು. ಅದಕ್ಕೊಂದು ಉದ್ದನೆಯ ಹಿಡಿಕೆ ಇತ್ತು. ಹಿಡಿದು ದೂಡಿದರೆ ಎಣ್ಣೆಯಲ್ಲಿ ತಿರುಗಿದಂತೆ ನಿಧಾನವಾಗಿ, ಒಂದೇ ಸಮನೆ ತಿರುಗುತ್ತಿತ್ತು. ಅದು ಮಾರಾಟಕ್ಕಿಲ್ಲ ಎಂದ ಅವನು. ಅಕ್ಕ "ಹಂಗಾರ ಕೂಡತೀವಿ" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. ನಾನೂ ಕುಳಿತೆ. ಬಂದ ಗಿರಾಕಿಗಳೆಲ್ಲ ನಮ್ಮನ್ನು ದಾಟಿ ಹೋಗಬೇಕಾಯಿತು. ಅವನು ಮರಾಠಿಯಲ್ಲಿ ಬೈದ, ನಾನು ಮರಾಠಿಯಲ್ಲೇ ತಿರುಗಿ ಉತ್ತರ ಕೊಟ್ಟೆ. ಏನೆಂದೆ ಎಂಬುದನ್ನು ನಿಮಗೆ ಹೇಳುವುದಿಲ್ಲ.

ಇಷ್ಟೂ ಹೊತ್ತು ರಸ್ತೆಯ ಆಚೆ ನಿಂತಿದ್ದ ಅಪ್ಪ ಆಗ ಬಂದ. ನಮ್ಮನ್ನು ಎಬ್ಬಿಸಿಕೊಂಡು ಹೋಗುತ್ತಾನೆ ಎಂದೇ ನಾನು ತಿಳಿದೆ.

"ನನ್ನ ಮಗಳು ಕೇಳಿದ್ದ ಕೊಡ್ರಿ. ನಿಮಗ ಇನ್ನೊಂದು ಬರತೈತಿ. ಆಕಿಗೆ ಇವತ್ತ ಬೇಕು" ಎಂದ ಅಪ್ಪ. ಧ್ವನಿ ಸ್ವಲ್ಪ ನಡುಗುತ್ತಿತ್ತು, ಆದರೆ ಮಾತು ನಿಲ್ಲಲಿಲ್ಲ. ಅಂಗಡಿಯವನು ನಮ್ಮ ಮೂವರನ್ನೂ ನೋಡಿ, ನಿಟ್ಟುಸಿರು ಬಿಟ್ಟು, ಹೆಡ್ ಬಿಚ್ಚಿ ಆ ಕಪ್ಪು ಸ್ಟ್ಯಾಂಡಿಗೆ ಕೂರಿಸಿಕೊಟ್ಟ. ಅಕ್ಕ ಎರಡಕ್ಕೂ ದುಡ್ಡು ಎಣಿಸಿ ಕೊಟ್ಟಳು. ಬಸ್ಸಿನಲ್ಲಿ ಅಪ್ಪ ಸ್ಟ್ಯಾಂಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಏಕಸಂಬಿಯವರೆಗೂ ಬಿಡಲಿಲ್ಲ.

ಸಂಜೆ ನಾವು ನೇರವಾಗಿ ದೊಡ್ಡಪ್ಪನ ಮನೆಗೇ ಹೋದೆವು. ಅಲಖನೂರಿನವರು ಜಮಖಾನದ ಮೇಲೆ ಕುಳಿತಿದ್ದರು. ಅಕ್ಕ ಯಾರನ್ನೂ ಕೇಳದೆ ಪಡಸಾಲೆಯ ನಡುವೆ ಸ್ಟ್ಯಾಂಡ್ ನಿಲ್ಲಿಸಿದಳು. ಕಾಲುಗಳ ಮೇಲಿನ ದಪ್ಪ ಭಾಗವನ್ನಷ್ಟೇ ಎಳೆದಳು, ನಡುವಿನ ಕೋಲನ್ನು ಏರಿಸಲಿಲ್ಲ. ಅದನ್ನು ಏರಿಸಿದರೆ ಮೂರು ಕಾಲಿನ ಬಲ ಹೋಗಿ ಒಂಟಿ ಕೋಲಿನ ಮೇಲೆ ನಿಂತಂತಾಗುತ್ತದೆ. ಕ್ಯಾಮೆರಾದಿಂದ ಟಿವಿಗೆ ವೈರು ಹಾಕಿ, ಗೋಡೆಯ ಗಡಿಯಾರವನ್ನು ಝೂಮ್ ಮಾಡಿ ದೊಡ್ಡದಾಗಿ ತೋರಿಸಿದಳು. ಅಲ್ಲಿದ್ದ ಹುಡುಗರನ್ನೆಲ್ಲ ಕರೆದು ಸುತ್ತ ಕುಣಿಯಲು ಹೇಳಿದಳು. ನಾವು ಕುಣಿದೆವು. ಟಿವಿಯಲ್ಲಿ ಸೆಕೆಂಡಿನ ಮುಳ್ಳು ಬಿಟ್ಟರೆ ಬೇರೇನೂ ಅಲುಗಲಿಲ್ಲ.

"ಗ್ವಾಡಿ ಏನ ನಡುಗತೈತೇನ?" ಎಂದ ದೊಡ್ಡಪ್ಪ. "ಮಂದಿನ್ನ ತೋರಸು, ನೋಡೂಣು."

ಅಕ್ಕ ಹಿಡಿಕೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಗಡಿಯಾರ ಸರಿಯಿತು, ಬಾಗಿಲ ಚೌಕಟ್ಟು ಬಂತು, ದೊಡ್ಡಪ್ಪನ ರುಮಾಲು ಬಂತು, ಮೀಸೆ ಬಂತು, ಆಮೇಲೆ ಚಹಾದ ಬಸಿ ಹಿಡಿದ ಅವನ ಕೈ ಬಂದು ನಿಂತಿತು. ಹಿಂದಿನ ಕಂಬ ನಿಂತಲ್ಲೇ ನಿಂತಿತ್ತು. ನಡುಗುತ್ತಿದ್ದದ್ದು ಬಸಿಯೊಂದೇ. ಅದರೊಳಗಿನ ಚಹಾ ಸಣ್ಣ ಅಲೆಗಳಾಗಿ ಅಂಚಿಗೆ ಬಡಿಯುತ್ತಿತ್ತು.

ಎಲ್ಲರೂ ನೋಡಿದರು. ಅಕ್ಕ ಹೇಳಬಹುದಿತ್ತು, ಹೇಳಲಿಲ್ಲ. ನಾನು ಬಿಡಲಿಲ್ಲ.

"ದೊಡ್ಡಪ್ಪಾ, ನಿಮ್ಮ ಕೈನ ನಡುಗಾಕತ್ತಾವ!"

ಅಕ್ಕ ನನ್ನ ತೋಳು ಚಿವುಟಿದಳು. ದೊಡ್ಡಪ್ಪ ಬಸಿಯನ್ನು ನೆಲಕ್ಕಿಟ್ಟು ಕೈಯನ್ನು ಧೋತರದ ಮಡಿಕೆಯೊಳಗೆ ಸೇರಿಸಿಕೊಂಡ. ಮದುಮಗಳ ತಾಯಿ ಟಿವಿಯಿಂದ ಕಣ್ಣು ತೆಗೆದು ಅಕ್ಕನಿಗೆ ಹೇಳಿದಳು: "ಅರಿಶಿಣದ ದಿನಾನ ಬಂದಬಿಡವ್ವಾ. ಮತ್ಯಾರನ್ನೂ ಕರಸಂಗಿಲ್ಲ." ಅಪ್ಪ ಅಣ್ಣನ ಎದುರಿಗೇ ಗಟ್ಟಿಯಾಗಿ ನಕ್ಕ. ಆ ನಗು ಕೇಳಿ ನನಗೆ ಅಳು ಬಂತು.

ದೊಡ್ಡಪ್ಪನನ್ನು ಕಂಡು ಅವತ್ತು ನನಗೆ ಪಾಪ ಅನಿಸಲಿಲ್ಲ. ಈಗ ಸ್ವಲ್ಪ ಅನಿಸುತ್ತದೆ, ಏಕೆಂದರೆ ಈಗ ನನ್ನ ಕೈಯೂ ಹಾಗೇ ಆಗಿದೆ. ಆದರೆ ಅವನು ನಡುಗುವ ತನ್ನ ಕೈಯನ್ನು ಮುಚ್ಚಿಟ್ಟು ಅಕ್ಕನ ಕೈಯನ್ನು ಊರಿಗೆಲ್ಲ ತೋರಿಸಿದ್ದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಿಮ್ಮ ಕಾಲದ ಫೋನು ಯಾರ ಕೈ ಹೇಗೆ ನಡುಗಿದರೂ ತಾನೇ ಸರಿಮಾಡಿಕೊಳ್ಳುತ್ತದೆ. ಸ್ಟ್ಯಾಂಡು ಆರಿಸಲು ನೀವು ಯಾರ ಅಂಗಡಿಯ ಮೆಟ್ಟಿಲ ಮೇಲೂ ಕೂರಬೇಕಿಲ್ಲ. ಮೊನ್ನೆ ನೀವು ಹಿತ್ತಲಲ್ಲಿ ಆಡುವಾಗ ನಾನು ವಿಡಿಯೋ ತೆಗೆದೆ. ಅದು ಅಲುಗದೆ ಬಂದದ್ದನ್ನು ನೋಡಿ "ಅಜ್ಜಿ ಕೈ ನಡುಗೋದೇ ಇಲ್ಲ!" ಎಂದು ನೀವು ಕೂಗಿದಿರಿ. ಆ ಸುಳ್ಳು ನನಗೆ ಬೇಡ. ಯಾರಾದರೂ ಕೇಳಿದರೆ ಸರಿಯಾಗಿ ಹೇಳಿ: ಅಜ್ಜಿಯ ಕೈ ನಡುಗುತ್ತದೆ, ಆ ಕೈಯಿಂದಲೇ ತೆಗೆದಳು.